ಕಥೆಗೆ ಹಳೇ ಕಾಲದ ಫ್ರೆಂಚ್ ಹೆಸರು ಬೇಕು, ಅನುಭವ ಇದ್ದವರು ಹೇಳಿ

ಟಿಪ್ಪುವಿನ ಸೈನ್ಯದಲ್ಲಿದ್ದ ಒಬ್ಬ ಫ್ರೆಂಚ್ ಸಿಪಾಯಿಯ ಕಥೆ ಬರೆಯುತ್ತಿದ್ದೇನೆ. 1760ರ ಹೊತ್ತಿಗೆ ಹುಟ್ಟಿದವನು. ಇಂಟರ್ನೆಟ್ಟಿನಲ್ಲಿ ಸಿಗುವ ಹೆಸರಿನ ಪಟ್ಟಿಗಳನ್ನು ನಂಬಬಹುದಾ?

ಉತ್ತರ

ಪಟ್ಟಿ ಬಿಡಿ ಸರ್. ಮೊದಲು ಅವನ ಊರು ಯಾವುದು ಅಂತ ತೀರ್ಮಾನ ಮಾಡಿ. ಫ್ರಾನ್ಸಿನಲ್ಲಿ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಸೀಮೆಯಿಂದ ಸೀಮೆಗೆ ಬೇರೆ. ಕಮ್ಮಾರಿಕೆಯಿಂದ ಬಂದ ಹೆಸರನ್ನೇ ನೋಡಿ. ಉತ್ತರದಲ್ಲಿ ಲಫೆವ್ರ್, ದಕ್ಷಿಣದಲ್ಲಿ ಫಾಬ್ರ್, ಪಶ್ಚಿಮ ಕರಾವಳಿಯ ಬ್ರಿಟನಿ ಸೀಮೆಯಲ್ಲಿ ಲ ಗೋಫ್, ಜರ್ಮನಿ ಗಡಿಯ ಅಲ್ಸಾಸಿನಲ್ಲಿ ಶ್ಮಿಟ್. ಬ್ರಿಟನಿಯ ಹಳ್ಳಿ ಹುಡುಗನಿಗೆ ಫಾಬ್ರ್ ಅಂತ ಇಟ್ಟರೆ ಬಲ್ಲವರು ಅಲ್ಲೇ ಪುಸ್ತಕ ಮುಚ್ಚುತ್ತಾರೆ.

ಊರು ಗೊತ್ತಾದ ಮೇಲೆ ಅಲ್ಲಿನ ಚರ್ಚಿನ ರಿಜಿಸ್ಟರ್ ಹುಡುಕಿ. ಹುಟ್ಟಿದ ಮಕ್ಕಳ ಜ್ಞಾನಸ್ನಾನ ಬರೆದಿಡಬೇಕು ಅಂತ ದೊರೆ ಮೊದಲನೇ ಫ್ರಾನ್ಸ್ವಾ 1539ರಲ್ಲೇ ಆಜ್ಞೆ ಮಾಡಿದ್ದ. ಆ ಪುಟಗಳನ್ನು ಜಿಲ್ಲಾ ಆರ್ಕೈವ್‌ಗಳು ಸ್ಕ್ಯಾನ್ ಮಾಡಿ ಹಾಕಿವೆ, ಹೆಚ್ಚಿನವು ಪುಕ್ಕಟೆ. ಪಾದ್ರಿಗಳ ಕೈಬರಹ ಮಾತ್ರ ತಲೆನೋವು! 1780ರ ಪುಟಗಳಿಂದ ಶುರು ಮಾಡಿ ನಿಧಾನಕ್ಕೆ ಹಿಂದೆ ಹೋಗಿ. ಜ್ಯಾಂ, ಪಿಯೆರ್, ಫ್ರಾನ್ಸ್ವಾ, ಇವೇ ಮತ್ತೆ ಮತ್ತೆ ಬರುತ್ತವೆ. ಮಗುವಿಗೆ ಗಾಡ್‌ಫಾದರ್ (ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊರುವವನು) ಹೆಸರನ್ನೇ ಇಡುವ ರೂಢಿ ಜಾಸ್ತಿ ಇತ್ತು, ಅದಕ್ಕೆ.

ಇನ್ನೊಬ್ಬರು

ಒಂದೇ ಕಥೆಯಲ್ಲಿ ಮೂರು ಪಿಯೆರ್ ಆದರೆ ಓದುವವರಿಗೆ ಕಷ್ಟ ಅಲ್ವಾ? ಸಿಪಾಯಿ ಆದ್ದರಿಂದ ನಿಮಗೊಂದು ದಾರಿ ಇದೆ. ಆಗ ಫ್ರೆಂಚ್ ಪಡೆಗಳಲ್ಲಿ ಸಾಮಾನ್ಯ ಸಿಪಾಯಿಗಳು ‘ಯುದ್ಧದ ಹೆಸರು’ ಇಟ್ಟುಕೊಳ್ಳುತ್ತಿದ್ದರು. ಲಾ ಫ್ಲರ್ ಅಂದರೆ ಹೂವು, ಲಾ ತುಲಿಪ್ ಅಂದರೆ ಟ್ಯುಲಿಪ್, ಸಾನ್ ಸೂಸಿ ಅಂದರೆ ಚಿಂತೆ ಇಲ್ಲದವನು. ಬಂದೂಕು ಹಿಡಿದ ಗಂಡಸಿಗೆ ಹೂವಿನ ಹೆಸರು, ಕಥೆಗಾರರಿಗೆ ಇನ್ನೇನು ಬೇಕು! 1716ರಿಂದ ಪಡೆಗಳ ಪುಸ್ತಕಗಳಲ್ಲಿ ನಿಜ ಹೆಸರು, ಈ ಹೆಸರು, ಹುಟ್ಟಿದೂರು ಎಲ್ಲಾ ಬರೆಯುತ್ತಿದ್ದರು. ಅವು ಪ್ಯಾರಿಸ್ ಪಕ್ಕದ ವಾನ್ಸೆನ್‌ನಲ್ಲಿ ಸೈನ್ಯದ ಆರ್ಕೈವಿನಲ್ಲಿವೆ.

ಹೆಸರಿನ ನಡುವೆ ‘ದ’ (de) ಅನ್ನುವ ಫ್ರೆಂಚ್ ಪದ ಸೇರಿಸಿದ ಮಾತ್ರಕ್ಕೆ ದೊಡ್ಡ ಮನೆತನದವನು ಅಂತಾಗುವುದಿಲ್ಲ. ಸುಮ್ನೆ ಗತ್ತಿಗೆ ಹಾಕಬೇಡಿ.

ಮತ್ತೊಬ್ಬರು

ಅವನಿಗೆ ತಾಯಿ, ಹೆಂಡತಿ ಇದ್ದರೆ ಗಮನಿಸಿ. ಮದುವೆ ಆದಮೇಲೂ ರಿಜಿಸ್ಟರಿನಲ್ಲಿ ಹೆಂಗಸರಿಗೆ ತವರಿನ ಅಡ್ಡಹೆಸರೇ ಇರುತ್ತಿತ್ತು.

ಪಾಂಡಿಚೇರಿಯ ಚರ್ಚಿನ ಹಳೇ ರಿಜಿಸ್ಟರ್‌ಗಳೂ ನೋಡಲು ಸಿಗುತ್ತವೆ, ಫ್ರಾನ್ಸಿನ ಎಕ್ಸ್-ಆಂ-ಪ್ರೊವಾನ್ಸ್‌ನಲ್ಲಿರುವ ವಸಾಹತು ಆರ್ಕೈವಿನ ವೆಬ್‌ಸೈಟಿನಲ್ಲಿ. ಆದರೆ ಇವತ್ತಿನ ಪಾಂಡಿಚೇರಿ ಕುಟುಂಬಗಳ ಫ್ರೆಂಚ್ ಅಡ್ಡಹೆಸರು ನೋಡಿ ಆರಿಸಬೇಡಿ. 1881ರಲ್ಲಿ ಬಂದ ಒಂದು ಆದೇಶದ ಪ್ರಕಾರ, ಫ್ರೆಂಚ್ ಸಿವಿಲ್ ಕಾನೂನಿಗೆ ಒಳಪಡಲು ಒಪ್ಪಿದ ಸ್ಥಳೀಯರು ಹೊಸದಾಗಿ ಅಡ್ಡಹೆಸರು ಆರಿಸಿಕೊಂಡರು. ಅಂಥ ಎಷ್ಟೋ ಹೆಸರು ನಿಮ್ಮ ಸಿಪಾಯಿಗಿಂತ ನೂರು ವರ್ಷ ಈಚಿನವು.