ನಾಲ್ಕೂವರೆ ವರ್ಷದ ಹುಡುಗ, ಮುಟ್ಟಿದರೆ ಕಚ್ಚುತ್ತಾನೆ, ಗದರಿದರೆ ನಗುತ್ತಾನೆ: ಅಂಗನವಾಡಿಯಲ್ಲಿ ಏನು ಮಾಡಬಹುದು?

ಹೊಂಗೆನೆರಳು (ಚಿಂತಾಮಣಿ ತಾಲ್ಲೂಕು) ಕೇಳಿದ್ದು:

ಕೇಂದ್ರದಲ್ಲಿ 22 ಮಕ್ಕಳು, ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಅವರಲ್ಲಿ ಒಬ್ಬ ಹುಡುಗ ಮನೆಯಲ್ಲಿ ಕುಡಿತ, ಹೊಡೆದಾಟ ನೋಡುತ್ತಲೇ ಬೆಳೆದವನು. ಆರು ತಿಂಗಳಿಂದ ಅಜ್ಜಿಯ ಜೊತೆ ಇದ್ದಾನೆ. ಅವನ ಕೈಯಲ್ಲಿರುವ ಆಟಿಕೆಯನ್ನು ಯಾರಾದರೂ ಮುಟ್ಟಿದರೆ ಕಚ್ಚುತ್ತಾನೆ. ಸಾಲಿನಲ್ಲಿ ಅರ್ಧ ನಿಮಿಷ ನಿಲ್ಲುವುದಿಲ್ಲ. ಬಾಗಿಲು ಧಡ್ ಅಂದರೆ ಬೆಂಚಿನ ಕೆಳಗೆ ನುಗ್ಗುತ್ತಾನೆ. ಮೂಲೆಯಲ್ಲಿ ಕೂರಿಸಿದರೆ ಕಿರುಚಾಟ ಇನ್ನೂ ಹೆಚ್ಚು. ಗದರಿದರೆ ನಗುತ್ತಾನೆ, ಎಲ್ಲರಿಗೂ ಸಿಟ್ಟು ಬರುವುದು ಅದಕ್ಕೇ. ಅಜ್ಜಿಗೆ ತೆಲುಗು ಬಿಟ್ಟರೆ ಬೇರೆ ಬಾರದು. ದಿನಾ ಮಾಡಲು ಸಾಧ್ಯವಾಗುವಂಥ ಕ್ರಮ ಇದ್ದರೆ ದಯವಿಟ್ಟು ತಿಳಿಸಿ.

ಕೌದಿ_ಮಡಿಕೆ:

ಮೊದಲು ಆ ನಗುವಿನ ವಿಷಯ. ಅದು ಉಡಾಫೆಯೆಂದು ತೀರ್ಮಾನಿಸಬೇಡಿ. ಹೊಡೆತ ಕಂಡ ಮಕ್ಕಳಲ್ಲಿ ಭಯ ಹಲವು ಸಲ ನಗುವಾಗಿ ಹೊರಬರುತ್ತದೆ, ದೊಡ್ಡವರ ಮುಖ ತಣ್ಣಗಾಗಲಿ ಎಂದು. ಇದನ್ನು ತಪ್ಪಾಗಿ ಓದಿದರೆ ಮುಂದಿನದೆಲ್ಲ ತಪ್ಪುತ್ತದೆ.

ತಡೆದುಕೊಳ್ಳುವ ಶಕ್ತಿಯನ್ನು ನೋಡಿಕೊಳ್ಳುವುದು ಮಿದುಳಿನ ಮುಂಭಾಗ, ಹಣೆಯ ಹಿಂದಿರುವುದು. ಅದು ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು, ಹಾಗಾಗಿ ನಾಲ್ಕು ವರ್ಷದ ಯಾವ ಮಗುವಿಗೂ ಅದು ಇನ್ನೂ ಎಳೆಯದೇ. ಆದರೆ ಅಪಾಯದ ಗಂಟೆ ಬಾರಿಸುವ, ಮಿದುಳಿನ ಒಳಗಿರುವ ಅಮಿಗ್ಡಲಾ ಎಂಬ ಭಾಗ ಹುಟ್ಟಿನಿಂದಲೇ ಚುರುಕು. ಮನೆಯಲ್ಲಿ ತಿಂಗಳುಗಟ್ಟಲೆ ಆ ಗಂಟೆ ಬಾರಿಸಿದ್ದರೆ ಸಣ್ಣ ಸದ್ದಿಗೂ ಅದು ಬಾರಿಸುತ್ತದೆ. ಆ ಹೊತ್ತಿನಲ್ಲಿ ‘ಯಾಕೆ ಕಚ್ಚಿದೆ?’ ಎಂದು ಕೇಳಿದರೆ ಉತ್ತರ ಕೊಡುವ ಭಾಗವೇ ಕೆಲಸ ಮಾಡುತ್ತಿರುವುದಿಲ್ಲ. ಮೊದಲು ಮೈ ತಣ್ಣಗಾಗಬೇಕು, ಆಮೇಲೆ ನಂಟು, ಬುದ್ಧಿಮಾತು ಕೊನೆಗೆ. ನಾವು ಸಾಮಾನ್ಯವಾಗಿ ಬುದ್ಧಿಮಾತಿನಿಂದಲೇ ಶುರು ಮಾಡುತ್ತೇವೆ.

ಸಿಡಿದ ಕ್ಷಣದಲ್ಲಿ: ಸಹಾಯಕಿ ಉಳಿದ ಮಕ್ಕಳನ್ನು ನಾಲ್ಕು ಹೆಜ್ಜೆ ಆಚೆ ಕರೆದೊಯ್ಯಲಿ. ಅವನನ್ನು ಎಳೆಯುವುದಕ್ಕಿಂತ ಇದು ಸುಲಭ. ನೀವು ಅವನ ಎದುರಿಗಲ್ಲ, ಓರೆಯಾಗಿ ಪಕ್ಕಕ್ಕೆ, ಎರಡು ತೋಳಿನಷ್ಟು ದೂರದಲ್ಲಿ ನೆಲದ ಮೇಲೆ ಕುಳಿತುಕೊಳ್ಳಿ. ಬಾಗಿಲಿಗೆ ಅಡ್ಡ ಆಗಬೇಡಿ, ದಾರಿ ಮುಚ್ಚಿದರೆ ದಿಗಿಲು ಏರುತ್ತದೆ. ಹಿಂದಿನಿಂದ ತಬ್ಬಿ ಹಿಡಿಯಲೇಬೇಡಿ. ‘ನನ್ನ ಮುಖ ನೋಡು’ ಎನ್ನಬೇಡಿ. ಐದು ಪದ ಮೀರದ ಒಂದೇ ಮಾತು, ತಗ್ಗಿದ ದನಿಯಲ್ಲಿ: ‘ನಾನು ಇಲ್ಲೇ ಇದ್ದೀನಿ.’ ಅವನ ಮನೆಮಾತು ತೆಲುಗಾದರೆ ‘ನೇನು ಈಡ್ನೇ ಉಂಡಾ’ ಎನ್ನಿ. ದಿಗಿಲಿನಲ್ಲಿ ಮೊದಲು ಜಾರಿಹೋಗುವುದು ಕಲಿತ ಭಾಷೆ, ಉಳಿಯುವುದು ಮನೆಮಾತು. ಚಿಂತಾಮಣಿ, ಬಾಗೇಪಲ್ಲಿ, ಮುಳಬಾಗಿಲು ಕಡೆ ಇದನ್ನು ಮರೆತು ‘ಹೇಳಿದ್ದೇ ಕೇಳಲ್ಲ’ ಎಂದು ಬರೆದಿಡುವುದು ಅನ್ಯಾಯ.

ತಣ್ಣಗಾಗಲು 20ರಿಂದ 30 ನಿಮಿಷ ಬೇಕಾಗಬಹುದು. ಐದು ನಿಮಿಷಕ್ಕೇ ‘ಸಾರಿ ಕೇಳು’ ಅಂದರೆ ಎರಡನೇ ಸಲ ಸಿಡಿಯುತ್ತಾನೆ. ಬಿಕ್ಕುತ್ತಿರುವಾಗ ಕಡಲೆಬೀಜ, ಹುರಿಗಡಲೆ ಕೊಡಬೇಡಿ, ಉಸಿರುನಾಳಕ್ಕೆ ಹೋಗಬಹುದು. ಗುಟುಕು ಗುಟುಕಾಗಿ ನೀರು ಸಾಕು.

ಉಸಿರಾಟವನ್ನು ಸಿಡಿದಾಗ ಕಲಿಸಲು ಆಗುವುದಿಲ್ಲ. ನೆಮ್ಮದಿಯಾಗಿದ್ದಾಗ, ಊಟಕ್ಕೆ ಮುಂಚೆ, ಎಲ್ಲ ಮಕ್ಕಳಿಗೂ ಒಟ್ಟಿಗೆ ಕಲಿಸಿ. ‘ಹೂ ಮೂಸು, ದೀಪ ಆರಿಸು’ ಎಂದು ಹೇಳಿಕೊಡುವವರಿದ್ದಾರೆ. ನಮ್ಮಲ್ಲಿ ದೀಪ ಊದಿ ಆರಿಸುವುದನ್ನು ಅಜ್ಜಿಯರು ಒಪ್ಪುವುದಿಲ್ಲ, ಮನೆಯಲ್ಲಿ ಅಭ್ಯಾಸ ಅಲ್ಲಿಗೇ ನಿಲ್ಲುತ್ತದೆ. ‘ಬಸ್ಸಾರಿನ ವಾಸನೆ ತಗೋ, ಬಿಸಿ ಮುದ್ದೆ ಊದು’ ಎನ್ನಿ. ಅಂಗೈಯನ್ನೇ ತಟ್ಟೆ ಮಾಡಿ ನಾಲ್ಕು ಸಲ. ಊದುವ ಉಸಿರು ಎಳೆದದ್ದಕ್ಕಿಂತ ಉದ್ದ ಇರಬೇಕು, ಎದೆಬಡಿತ ಇಳಿಸುವುದು ಅದೇ.

ರಾಗಿತೆನೆ_ಕೋಲಾರ:

ಮೇಲಿನದು ಸಿಡಿದ ಮೇಲಿನ ಮಾತು. ಸಿಡಿಯದಂತೆ ದಿನವನ್ನು ಜೋಡಿಸುವುದರಲ್ಲಿ ಮುಕ್ಕಾಲು ಕೆಲಸ ಇದೆ.

ಹತ್ತು ಕೆಲಸದ ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಗಂಟೆ ಎಷ್ಟು, ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು, ಅವನೇನು ಮಾಡಿದ, ದೊಡ್ಡವರೇನು ಮಾಡಿದರು, ಎಷ್ಟು ಹೊತ್ತು ಇತ್ತು. ‘ಹಠ ಮಾಡಿದ’ ಎಂದು ಬರೆದರೆ ಉಪಯೋಗವಿಲ್ಲ, ‘ಬ್ಲಾಕ್ ಕಸಿದಾಗ ಕೈ ಕಚ್ಚಿದ, 12 ನಿಮಿಷ’ ಎಂದು ಬರೆಯಿರಿ. ಬಹಳ ಸಲ ಸಿಗುವ ಗುಟ್ಟು ಮೂರು: ಹಸಿವು, ಆಟ ಬಿಟ್ಟು ಏಳಬೇಕಾದ ಹೊತ್ತು, ಗಂಡಸರ ಏರುದನಿ ಅಥವಾ ತಮಟೆ, ಪಟಾಕಿಯಂಥ ಸದ್ದು. ಊರಹಬ್ಬದ ವಾರವಂತೂ ಕಷ್ಟದ್ದೇ, ಅಜ್ಜಿಗೆ ಮೊದಲೇ ಹೇಳಿಡಿ.

ಹಸಿವಾದರೆ ಬಂದ ಕೂಡಲೇ ಬಾಳೆಹಣ್ಣೋ ಏನಾದರೂ ಕೊಡಿ. ತಿಂಡಿ ಬಚ್ಚಿಟ್ಟುಕೊಂಡರೆ ಕಳ್ಳ ಎನ್ನಬೇಡಿ. ಊಟ ತಪ್ಪಿದ ದಿನ ಕಂಡ ಮಗು ಅದು. ಅವನ ಹೆಸರಿನ ಡಬ್ಬಿಯಲ್ಲಿ ಒಂದಿಷ್ಟು ತಿಂಡಿ ಅವನ ಕಣ್ಣಿಗೆ ಕಾಣುವ ಹಾಗೆ ಇಟ್ಟರೆ ಬಚ್ಚಿಡುವುದು ತಾನಾಗಿ ಇಳಿಯುತ್ತದೆ.

ಆಟ ಬಿಡಿಸಲು ‘ಇನ್ನು ಐದು ನಿಮಿಷ’ ಎನ್ನುವುದು ಈ ವಯಸ್ಸಿಗೆ ಅರ್ಥವಾಗುವುದಿಲ್ಲ. ‘ಇನ್ನೂ ಮೂರು ಸಲ ಜಾರು, ಆಮೇಲೆ ಕೈ ತೊಳೆಯೋದು’ ಎನ್ನಿ, ಮೂರನ್ನೂ ಜೊತೆಗೆ ಎಣಿಸಿ. ರಟ್ಟಿನ ಮೇಲೆ ದಿನದ ಆರು ಚಿತ್ರ ಸಾಲಾಗಿ ಅಂಟಿಸಿ: ಚಪ್ಪಲಿ ಬಿಡುವುದು, ಹಾಡು, ಆಟ, ಕೈ ತೊಳೆಯುವುದು, ಊಟ, ಮನೆಗೆ. ಬಟ್ಟೆ ಕ್ಲಿಪ್ಪನ್ನು ಒಂದರಿಂದ ಇನ್ನೊಂದಕ್ಕೆ ಸರಿಸುವ ಕೆಲಸ ಅವನದೇ ಆಗಲಿ. ಮುಂದೇನು ಎಂದು ಗೊತ್ತಿರುವ ಮಗು ಕಡಿಮೆ ಬೆದರುತ್ತದೆ. ಕ್ರಮ ಬದಲಾಗುವ ದಿನ, ಲಸಿಕೆಯೋ ತಪಾಸಣೆಯೋ ಇದ್ದರೆ, ಬೆಳಿಗ್ಗೆಯೇ ಆ ಚಿತ್ರ ಸೇರಿಸಿ.

ಸಾಲಿಗೆ ಬದಲು ಕೆಲಸ ಕೊಡಿ. ಒಂದು ಲೀಟರ್ ನೀರಿನ ಬಾಟಲಿ ಎರಡೂ ಕೈಲಿ ಹೊತ್ತು ತರುವುದು, ಚಾಪೆ ಸುತ್ತುವುದು, ಗೋಡೆ ‘ತಳ್ಳುವುದು’ ಹತ್ತು ಎಣಿಸುವವರೆಗೆ. ಸ್ನಾಯುವಿಗೆ ಭಾರ ಬಿದ್ದರೆ ಮೈ ನೆಲೆಗೊಳ್ಳುತ್ತದೆ. ಆದರೆ ಇದು ಶಿಕ್ಷೆಯಂತೆ ಕಾಣಬಾರದು.

ತಡೆದುಕೊಳ್ಳುವುದನ್ನು ಕಲಿಸಲು ನಮ್ಮ ಕೆರೆ-ದಡಕ್ಕಿಂತ ಒಳ್ಳೆಯ ಆಟ ಬೇಕಿಲ್ಲ. ನೆಲದಲ್ಲಿ ಗೆರೆ, ಒಂದು ಕಡೆ ಕೆರೆ, ಇನ್ನೊಂದು ಕಡೆ ದಡ, ಕೂಗಿದ ಕಡೆಗೆ ಹಾರುವುದು. ಮೂರು ಬದಲಾವಣೆ ಮಾಡಿಕೊಳ್ಳಿ: ತಪ್ಪಿದವರು ಔಟ್ ಇಲ್ಲ (ಈ ಮಕ್ಕಳು ಔಟ್ ಆಗುವುದನ್ನು ‘ನನ್ನನ್ನು ಹೊರಗೆ ಹಾಕಿದರು’ ಎಂದೇ ತಿಳಿಯುತ್ತಾರೆ), ಮೊದಲ ವಾರ ನಿಧಾನವಾಗಿ ಕೂಗಿ, ದಿನಕ್ಕೆ ಐದು ನಿಮಿಷ ಮೀರಬೇಡಿ. ಕೂಗುವವನಾಗಿ ಅವನನ್ನೂ ನಿಲ್ಲಿಸಿ. ಐದು ವರ್ಷ ದಾಟಿದವರಿಗೆ ‘ಕೆರೆ ಅಂದರೆ ದಡಕ್ಕೆ ಹಾರು’ ಎಂದು ತಿರುಗಿಸಬಹುದು. ಕಣ್ಣಿಗೆ ಬಟ್ಟೆ ಕಟ್ಟುವ ಆಟ ಸದ್ಯಕ್ಕೆ ಬೇಡ, ಕತ್ತಲಲ್ಲಿ ಹೊಡೆತ ಕಂಡ ಮಗುವಿಗೆ ಅದು ಆಟವಾಗಿ ಉಳಿಯುವುದಿಲ್ಲ.

ಮೂಲೆ ಬೇಕು, ಆದರೆ ಬೇರೆ ಥರದ್ದು. ನಿಮ್ಮ ಕಣ್ಣಳತೆಯಲ್ಲಿ ಚಾಪೆ, ಹಳೆ ಸೀರೆಯ ಕೌದಿ, ಬಟ್ಟೆ ಗೊಂಬೆ. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ಉಗುರುಬೆಚ್ಚಗಿನ ನೀರು, ಎರಡು ಚಮಚ ಪಾರದರ್ಶಕ ಅಂಟು, ಚಿಟಿಕೆ ಮಿಂಚಿನ ಪುಡಿ ಹಾಕಿ, ಮುಚ್ಚಳ ಗಟ್ಟಿಯಾಗಿ ಅಂಟಿಸಿ. ಅಲುಗಿಸಿ ಇಟ್ಟರೆ ಪುಡಿ ನಿಧಾನವಾಗಿ ಇಳಿಯುವುದನ್ನು ನೋಡುತ್ತ ಕೂರುತ್ತಾರೆ. ಅಂಟು ಇಲ್ಲದಿದ್ದರೆ ಪುಡಿ ಬೇಗ ತಳ ಸೇರುತ್ತದೆ, ಹೆಚ್ಚಾದರೆ ಇಳಿಯುವುದೇ ಇಲ್ಲ. ಅಲ್ಲಿಗೆ ‘ಹೋಗು’ ಎಂದು ಕಳಿಸಿದ ದಿನವೇ ಅದು ಜೈಲಾಗುತ್ತದೆ. ‘ಬಾ, ಜೊತೆಗೆ ಕೂರೋಣ.’

ಬೆಟ್ಟದ_ಬುಡ:

ಆರೋಗ್ಯದ ಕಡೆಯಿಂದ. ‘ಬುದ್ಧಿ ಕಡಿಮೆ’, ‘ಎಡಿಎಚ್‌ಡಿ’ (ಗಮನ ನಿಲ್ಲದ, ಅತಿ ಚಂಚಲತೆಯ ತೊಂದರೆ) ಎಂದು ಹೆಸರಿಡುವ ಮುಂಚೆ ಕಿವಿ, ನಿದ್ದೆ, ರಕ್ತಹೀನತೆ ನೋಡಿಸಿ. ಭಯದಿಂದ ಸದಾ ಎಚ್ಚರವಾಗಿರುವ ಮಗು ಹೊರಗಿನಿಂದ ಚಂಚಲ ಮಗುವಿನಂತೆಯೇ ಕಾಣುತ್ತದೆ. ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ, ನಿಮ್ಮ ನೋಟ್‌ಬುಕ್ ಅವರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡುತ್ತಾರೆ. ತನಗೆ ತಾನೇ ಗಾಯ ಮಾಡಿಕೊಳ್ಳುವುದು, ಮಾತು ನಿಂತುಹೋಗುವುದು, ಕಲಿತ ಶೌಚದ ಅಭ್ಯಾಸ ಬಿಟ್ಟುಹೋಗಿ ವಾರಗಟ್ಟಲೆ ಹಾಗೇ ಇರುವುದು ಕಂಡರೆ ಕಾಯಬೇಡಿ, ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಅಥವಾ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ಕಳಿಸಿ.

ಈಗಲೂ ಹೊಡೆತ ನಡೆಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲೈಂಗಿಕ ದೌರ್ಜನ್ಯದ ಶಂಕೆ ಇದ್ದರೆ ಪೋಕ್ಸೋ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ) ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಗುವನ್ನು ನೀವೇ ಕೆದಕಿ ಕೇಳಬೇಡಿ. ಅವನಾಗಿ ಹೇಳಿದ್ದನ್ನು ಅವನದೇ ಮಾತಿನಲ್ಲಿ ಬರೆದಿಡಿ.

ಹೊಂಗೆನೆರಳು:

ತುಂಬಾ ಉಪಕಾರ. ಎರಡು ಉಳಿದಿದೆ. ಅಜ್ಜಿಗೆ ಏನು ಹೇಳಲಿ? ಕಚ್ಚಿಸಿಕೊಂಡ ಮಕ್ಕಳ ತಾಯಂದಿರು ಅವನನ್ನು ಬಿಡಿಸಿ ಎನ್ನುತ್ತಿದ್ದಾರೆ.

ಕೌದಿ_ಮಡಿಕೆ:

ಅಜ್ಜಿಗೆ ಪಟ್ಟಿ ಕೊಡಬೇಡಿ, ಮೂರೇ ಮಾತು. ಒಂದು, ‘ಪೊಲೀಸ್ ಬರ್ತಾನೆ’, ‘ಬಿಟ್ಟು ಹೋಗ್ತೀನಿ’, ‘ನಿಮ್ಮಪ್ಪನ ಥರಾನೇ ನೀನು’ ಈ ಮೂರೂ ಬೇಡ. ಬಿಟ್ಟುಹೋದದ್ದನ್ನು ಕಂಡ ಮಗುವಿಗೆ ಅದು ಬೆದರಿಕೆಯಲ್ಲ, ನಡೆದೇ ತೀರುವ ಸಂಗತಿ. ಎರಡು, ರಾತ್ರಿ ಒಂದೇ ಹೊತ್ತಿಗೆ ಊಟ, ಒಂದೇ ಜಾಗದಲ್ಲಿ ಮಲಗುವುದು, ಮಲಗುವಾಗ ಕೈ ಹಿಡಿದು ಒಂದು ಕಥೆ. ಮೂರು, ದೃಷ್ಟಿ ತೆಗೆಯುವುದರಿಂದ ತೊಂದರೆ ಇಲ್ಲ, ಆದರೆ ಬರೆ ಹಾಕುವುದು, ಮೆಣಸಿನಕಾಯಿ ಹೊಗೆ ಹಿಡಿಯುವುದು ಯಾವ ಕಾರಣಕ್ಕೂ ಬೇಡ. ಅವರಿಗೂ ದಣಿವಿದೆ. ‘ನೀವು ಸರಿಯಾಗಿ ನೋಡಿಕೊಳ್ತಿಲ್ಲ’ ಎಂಬ ಧಾಟಿ ಬಂದರೆ ಮರುದಿನದಿಂದ ಮಗುವನ್ನೇ ಕಳಿಸುವುದಿಲ್ಲ.

ತಾಯಂದಿರಿಗೆ ಅವನ ಮನೆಯ ಕಥೆ ಹೇಳಬೇಡಿ, ಅದು ಅವನದು. ‘ಕಚ್ಚದಂತೆ ನೋಡಿಕೊಳ್ಳಲು ಇಂತಿಂಥದ್ದು ಮಾಡುತ್ತಿದ್ದೇವೆ’ ಎಂದು ನಿಮ್ಮ ಕ್ರಮವನ್ನಷ್ಟೇ ಹೇಳಿ. ಮೊದಲ ಎರಡು ವಾರ ಆಟದ ಹೊತ್ತಿನಲ್ಲಿ ಸಹಾಯಕಿ ಅವನಿಂದ ಒಂದು ತೋಳಿನ ದೂರದಲ್ಲೇ ಇರಲಿ, ಮಕ್ಕಳು ಹೆಚ್ಚು ಕೇಳುವ ಆಟಿಕೆ ಎರಡೆರಡು ಇಡಿ. ಶುರುವಿನಲ್ಲಿ ಸಿಡಿತ ಹೆಚ್ಚಾದರೂ ಹೆದರಬೇಡಿ, ಈ ಹೊಸ ಮೆದುತನ ನಿಜವೇ ಎಂದು ಪರೀಕ್ಷಿಸುತ್ತಾನೆ. ನೋಟ್‌ಬುಕ್ಕಿನಲ್ಲಿ ಮೊದಲು ಇಳಿಯುವುದು ಸಿಡಿತದ ಸಂಖ್ಯೆಯಲ್ಲ, ತಣ್ಣಗಾಗಲು ಹಿಡಿಯುವ ನಿಮಿಷ. ಆ ಕಾಲಮ್ಮನ್ನು ಗಮನಿಸುತ್ತಾ ಇರಿ.