ಅಪ್‌ಡೇಟ್: ಜರ್ಮನ್ ಬಿಟ್ಟು ಜಪಾನೀಸ್ ತಗೊಂಡೆ
ಬಿ.ಕಾಂ. ಮೊದಲ ಸೆಮಿಸ್ಟರ್‌ಗೆ ಜರ್ಮನ್ ತಗೊಳ್ಳಲಾ, ಜಪಾನೀಸಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಜಪಾನೀಸ್‌ನಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ, ಪದದ ನಂತರ ಬರೋ ‘ಒ’ ನಮ್ಮ ‘ಅನ್ನು’ ಥರ, ‘ನಿ’ ಹೆಚ್ಚುಕಮ್ಮಿ ‘ಗೆ’. ವಾಕ್ಯ ಕಟ್ಟೋದು ಕನ್ನಡದವರಿಗೆ ನಿಜಕ್ಕೂ ಸಲೀಸು.

ಕಷ್ಟ ಇರೋದು ಲಿಪಿಯಲ್ಲಿ. ಹಿರಾಗಾನಾ, ಕಾತಾಕಾನಾ ಅನ್ನೋ ಎರಡು ಲಿಪಿಗಳಲ್ಲಿ ತಲಾ 46 ಮೂಲ ಅಕ್ಷರ. ಕ್ಲಾಸ್ ಶುರುವಾಗೋ ಮೊದಲೇ ಕಲಿತುಬಿಡಿ. ಕಾತಾಕಾನಾದ ‘ಶಿ’, ‘ತ್ಸು’ ನೋಡೋಕೆ ಒಂದೇ ಥರ: ‘ಶಿ’ಯ ಉದ್ದ ಗೆರೆ ಕೆಳಗಿಂದ ಮೇಲಕ್ಕೆ, ‘ತ್ಸು’ವಿನದು ಮೇಲಿಂದ ಕೆಳಕ್ಕೆ. ನೋಟ್ಸ್ ರೋಮನ್ ಅಕ್ಷರದಲ್ಲಿ ಬರೆದ್ರೆ ಇದು ಕೈಗೆ ಹತ್ತೋದೇ ಇಲ್ಲ.

ಜಪಾನೀಸ್ ಭಾಷಾ ಪರೀಕ್ಷೆ ಜೆಎಲ್‌ಪಿಟಿಯ ಅತಿ ಸುಲಭದ ಹಂತ ಎನ್5 ಪಾಸಾಗೋಕೆ 180ಕ್ಕೆ 80 ಬೇಕು. ಆದ್ರೆ ಕೇಳಿ ಉತ್ತರಿಸೋ ಭಾಗದಲ್ಲಿ 60ಕ್ಕೆ 19 ಬರದಿದ್ರೆ ಒಟ್ಟು ಎಷ್ಟಿದ್ರೂ ಫೇಲ್. ಮಾತಾಡೋ ಪರೀಕ್ಷೆ ಅದರಲ್ಲಿ ಇಲ್ಲ. ಅದನ್ನ ಬೇರೆಯಾಗಿಯೇ ರೂಢಿ ಮಾಡ್ಕೋಬೇಕು.