ಸಹಾಯ ಬೇಕು: ಮಾಣಿ ಹಿನ್ನೀರಿನಲ್ಲಿ ಕಂಡ ಬಾತು ಯಾವುದು?

ಎಲ್ಲರಿಗೂ ನಮಸ್ಕಾರ. ಭಾನುವಾರ ಉಡುಪಿಯಿಂದ ಹುಲಿಕಲ್ ಘಾಟಿ ಹತ್ತಿ ಮಾಣಿ ಹಿನ್ನೀರಿಗೆ ಹೋಗಿದ್ದೆವು. ದೂರದಲ್ಲಿ ಕಂದು ಬಣ್ಣದ ಸಣ್ಣ ಬಾತುಗಳ ಗುಂಪು. ಗಾರ್ಗನಿಯೋ, ಕಾಮನ್ ಟೀಲೋ ತಿಳಿಯುತ್ತಿಲ್ಲ. ನವೆಂಬರ್‌ನಲ್ಲಿ ಗಾರ್ಗನಿ ಗಂಡಿಗೆ ಆ ಚಂದದ ಬಿಳಿ ಹುಬ್ಬು ಸಾಮಾನ್ಯವಾಗಿ ಇನ್ನೂ ಬಂದಿರುವುದಿಲ್ಲ, ಹೆಣ್ಣಿನ ಹಾಗೆಯೇ ಕಾಣುತ್ತದೆ. ಕೊಕ್ಕಿನ ಬುಡದಲ್ಲಿ ಬಿಳಿ ಮಚ್ಚೆ, ಕೆನ್ನೆಯಲ್ಲಿ ಕಪ್ಪು ಗೆರೆ ಇದ್ದ ಹಾಗಿತ್ತು. ಅದಕ್ಕೇ ನನಗೆ ಗಾರ್ಗನಿ ಅನಿಸುತ್ತಿದೆ. ಫೋಟೊ ಹಾಕಿದ್ದೇನೆ, ಮಂಜಿಗೆ ಮಸುಕಾಗಿದೆ. ಬಲ್ಲವರು ದಯವಿಟ್ಟು ನೋಡಿ ಹೇಳಿ.

ಹಾಗೆಯೇ, ಚಕ್ರಾ, ಸಾವೆಹಕ್ಲು ಕಡೆ ಅಣೆಕಟ್ಟಿನ ಹತ್ತಿರ ಹೋಗದೆ ರಸ್ತೆಯಿಂದಲೇ ಹಿನ್ನೀರು ಕಾಣುವ ಜಾಗ ಯಾವುದು? ಅಪ್ಪನಿಗೆ ಮೊಣಕಾಲು ನೋವು, ಆದರೂ ಬರುವ ಆಸೆ ತುಂಬ ಇದೆ. ಟೆಲಿಸ್ಕೋಪ್ ಇರುವವರು ಯಾರಾದರೂ ಮುಂದಿನ ಭಾನುವಾರ ಬರುವುದಾದರೆ ನಮ್ಮ ಕಾರಿನಲ್ಲಿ ಜಾಗ ಇದೆ.